ಎಡಗೈ ಪಿಚರನ ಬಲಗಾಲು

೧೯೮೬ರಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೇ ಕ್ಲಾಸು, ದಸರಾ ರಜೆ ಮುಗಿದ ಮಾರನೇ ದಿನ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲಿ ಸನ್ನಿವೇಲ್‌ನಲ್ಲಿ ನಮ್ಮವರ ಮನೆಗೆ ಊಟಕ್ಕೆ ಹೋದರೆ ಪಲ್ಯ ಬಡಿಸುತ್ತಲೇ "ಯಾವ ಕಾಲೇಜು ಸಾರ್ ನಿಮ್ದು?" ಅಂತ ಕೇಳುತ್ತಾರೆ. ನಿಜ ಹೇಳಿದರೆ ಅಯ್ಯೋ ಪಾಪ ಅನ್ನೋ ಮುಖ ಮಾಡಿ ಇನ್ನೊಂದು ಸೌಟು ಜಾಸ್ತಿ ಹಾಕುತ್ತಾರೆ. ಪಾಪ ಅನ್ನುವಂಥದ್ದು ಏನೂ ಆಗಿರಲಿಲ್ಲ. ಬೆಂಗಳೂರಿನ ನಮ್ಮ ಸ್ಕೂಲಿನ ಕಾಂಪೌಂಡ್ ಆಚೆಗೆ ಒಂದು ಕ್ರಿಕೆಟ್ ಮೈದಾನ. ಕಿಟಕಿ ಪಕ್ಕದ ಬೆಂಚು ನನ್ನದು. ಅಲ್ಲಿ ಒಬ್ಬ ಮುದುಕ ದಿನಾ ಬೆಳಗ್ಗೆ ಬರಿಗಾಲಲ್ಲಿ ಪಿಚ್ ಮೇಲೆ ಮೆಲ್ಲಗೆ ನಡೆದು, ಅಲ್ಲಲ್ಲಿ ನಿಂತು, ಬಗ್ಗಿ, ಒಂದು ಚಿಟಿಕೆ ಮಣ್ಣು ತೆಗೆದು ಮೂಸಿ ನೋಡುತ್ತಿದ್ದ. ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಿದ್ದುದಕ್ಕಿಂತ ಅದು ನನಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಕಾಂಪೌಂಡ್ ಹಾರಿ ಹೋಗಿ ಅವನ ಮುಂದೆ ನಿಂತೆ. ಅವನು ತಲೆ ಎತ್ತದೆ ಕೇಳಿದ: "ಸೀಮೆಸುಣ್ಣ ಹಿಡೀತೀಯೋ, ರೋಲರ್ ಹಿಡೀತೀಯೋ? ಎರಡೂ ಆಗಲ್ಲ." ರೋಲರ್ ಹಿಡಿದೆ.

ಮೈದಾನದ ಹುಲ್ಲು, ಮಣ್ಣು, ನೀರು ನೋಡಿಕೊಳ್ಳುವವನಿಗೆ ನಮ್ಮಲ್ಲಿ ಮಾಲಿ ಅನ್ನುತ್ತಾರೆ. ಇಪ್ಪತ್ತು ವರ್ಷ ನಾನು ಮಾಲಿ. ಈ ಇಪ್ಪತ್ತು ವರ್ಷದಲ್ಲಿ ಆ ಮೈದಾನದಲ್ಲಿ ಆಡಿದ ಒಬ್ಬನೇ ಒಬ್ಬ ಆಟಗಾರನೂ ನನ್ನ ಹೆಸರು ಕೇಳಲಿಲ್ಲ. ಚಪ್ಪಾಳೆ ತಟ್ಟಿ "ಏ ಮಾಲಿ, ನೀರ್ ಹಾಕೋ!" ಸೊನ್ನೆಗೆ ಔಟಾಗಿ ಬಂದವನು ಬ್ಯಾಟು ಬಿಸಾಕಿ, "ಏ ಮಾಲಿ, ಪಿಚ್ ಮಾಡಿದ್ದೀಯೋ, ರಾಗಿ ಹೊಲ ಉತ್ತಿದ್ದೀಯೋ?" ನೂರು ಹೊಡೆದವನು ಮಾತ್ರ ಪಿಚ್ ಬಗ್ಗೆ ಏನೂ ಹೇಳುತ್ತಿರಲಿಲ್ಲ, ಅದು ಅವನ ಕೈಚಳಕ ತಾನೇ. ನನಗೆ ಆ ಪದ ಕೇಳಿದರೆ ಕಿವಿ ಬಿಸಿಯಾಗುತ್ತಿತ್ತು. ಕೆಲಸದ ಮೇಲೆ ಕೋಪವಿರಲಿಲ್ಲ. ಆ ಪದವನ್ನು ನಾಯಿ ಕರೆದ ಹಾಗೆ ಕರೆಯುತ್ತಿದ್ದರಲ್ಲ, ಅದರ ಮೇಲೆ.

ನನ್ನ ಹೆಂಡತಿ ಉಡುಪಿ ಕಡೆಯವಳು, ನರ್ಸು. ೨೦೦೬ರಲ್ಲಿ ಅವಳಿಗೆ ಇಲ್ಲಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅವಳ ವೀಸಾದ ಬಾಲ ಹಿಡಿದುಕೊಂಡು ನಾನೂ ಬಂದೆ. ಐದು ವರ್ಷ ಎಲ್ ಕಮಿನೋ ರಸ್ತೆಯ ಒಂದು ದೋಸೆ ಹೋಟೆಲಿನಲ್ಲಿ ಕಾವಲಿ ಮುಂದೆ ನಿಂತೆ. ಆ ಕೆಲಸಕ್ಕೂ ನಾನು ಋಣಿ. ದೋಸೆ ಗರಿಗರಿಯಾಗಿಯೇ ಬರುತ್ತಿತ್ತು. ಆದರೆ ಅಲ್ಲಿ ಅಂಗಾಲಿಗೆ ನೆಲ ಸಿಗುತ್ತಿರಲಿಲ್ಲ, ರಬ್ಬರ್ ಮ್ಯಾಟು.

ಮನೆಯಿಂದ ಅರ್ಧ ಗಂಟೆ ದೂರದಲ್ಲಿ ಒಂದು ಸಣ್ಣ ಬೇಸ್‌ಬಾಲ್ ತಂಡದ ಮೈದಾನ ಇತ್ತು. ದೊಡ್ಡ ತಂಡಕ್ಕೆ ಹೋಗಬೇಕು ಅನ್ನುವ ಹುಡುಗರು ಪಳಗುವ ಜಾಗ. ಅಲ್ಲಿ ಗ್ರೌಂಡ್ ಕೆಲಸಕ್ಕೆ ಜನ ಬೇಕು ಅಂತ ಗೇಟಿನ ಮೇಲೆ ಚೀಟಿ ಅಂಟಿಸಿದ್ದರು. ಒಳಗೆ ಹೋದೆ. ಗ್ರೌಂಡಿನ ಬಾಸು ಕೆಂಪು ಮೀಸೆಯ ದಪ್ಪ ಆಸಾಮಿ.

"ಮುಂಚೆ ಏನು ಮಾಡ್ತಿದ್ದೆ?" ಅಂದ.

"ಇಪ್ಪತ್ತು ವರ್ಷ ಪಿಚ್," ಅಂದೆ, ಎದೆ ಉಬ್ಬಿಸಿ.

ಅವನು ನನ್ನ ಹೊಟ್ಟೆಯನ್ನೊಮ್ಮೆ ನೋಡಿ, ಮೇಜಿನ ಮೇಲಿದ್ದ ಚೆಂಡು ತೆಗೆದು ನನ್ನ ಕೈಗಿಟ್ಟು, "ಬಾ, ಎಸೆದು ತೋರಿಸು" ಅಂದ. ನನಗೆ ವಿಚಿತ್ರ ಅನ್ನಿಸಿತು. ಮಣ್ಣಿನ ಕೆಲಸಕ್ಕೆ ಚೆಂಡು ಯಾಕೆ? ಆದರೂ ಊರಲ್ಲಿ ನೆಟ್ಸಿನಲ್ಲಿ ಬೌಲರ್ ಬರದಿದ್ದರೆ ನಾವು ಮಾಲಿಗಳೇ ಬೌಲಿಂಗ್ ಹಾಕುತ್ತಿದ್ದೆವು. ಹತ್ತು ಹೆಜ್ಜೆ ಓಡಿಬಂದು, ತೋಳು ನೇರ ಮಾಡಿ, ಒಳ್ಳೇ ಲೆಂಗ್ತಿಗೆ ಹಾಕಿದೆ. ಚೆಂಡು ನೆಲಕ್ಕೆ ಬಡಿದು ಎದ್ದು ಹೋಯಿತು. ಬಾಸು ಗೋಡೆ ಹಿಡಿದುಕೊಂಡು ನಕ್ಕ. ಇವರ ಆಟದಲ್ಲಿ ಪಿಚ್ ಅಂದರೆ ನೆಲವಲ್ಲ, ಎಸೆತ. ಎಸೆಯುವವನು ಪಿಚರ್. ಅವನ ಚೆಂಡು ನೆಲ ಮುಟ್ಟಲೇಬಾರದು. ನಾನು ಇಪ್ಪತ್ತು ವರ್ಷ ಆಡಿದ ಪಿಚರ್ ಅಂತ ಅವನು ತಿಳಿದುಕೊಂಡಿದ್ದ.

ನಾನು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು, ಉಂಡೆ ಕಟ್ಟಿ, ಹೆಬ್ಬೆರಳಿನಲ್ಲಿ ಒತ್ತಿ ತೋರಿಸಿದೆ. "ಈ ಪಿಚ್ಚು" ಅಂದೆ. ಉಂಡೆ ಬಿರಿಯಿತು. "ನೀರು ಸಾಲದು."

ಅವನ ನಗು ನಿಂತಿತು. ಕಾಗದ ತೆಗೆದು ನನ್ನ ಹೆಸರು ಕೇಳಿದ. ಹೇಳಿದೆ. ನನ್ನ ಹೆಸರಿನಲ್ಲಿ ಎರಡು ಒತ್ತಕ್ಷರ, ಒಂದು ಮಹಾಪ್ರಾಣ. ಮೂರು ಸಲ ಪ್ರಯತ್ನಿಸಿ ಬೆವತುಹೋದ. "ಅಲ್ಲಿ ಮೈದಾನದಲ್ಲಿ ನಿನ್ನನ್ನ ಏನಂತ ಕರೀತಿದ್ರು?"

ಬಾಯಿ ತಪ್ಪಿ ನಿಜ ಬಂತು. "ಮಾಲಿ."

ಮಾರನೇ ವಾರ ಯೂನಿಫಾರಂ ಶರ್ಟು ಬಂತು. ಎದೆಯ ಮೇಲೆ ಕೆಂಪು ದಾರದಲ್ಲಿ ಹೊಲಿದಿದ್ದರು, ಮಾಲಿ. ಮನೆಗೆ ಹಾಕಿಕೊಂಡು ಹೋದರೆ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟಳು.

"ಎಂತ ಮಾರಾಯ್ರೆ ಇದು! ಊರಲ್ಲಿ ಯಾರಾದರೂ ಕರೆದರೆ ಎರಡು ದಿನ ಊಟ ಬಿಡ್ತಿದ್ರಿ. ಇಲ್ಲಿ ಎದೆ ಮೇಲೆ ಹೊಲಿಸಿಕೊಂಡು ಬಂದಿದ್ದೀರಲ್ಲ?"

"ಬಿಚ್ಚಿಸ್ತೀನಿ ಬಿಡು" ಅಂದೆ. ಆದರೆ ಹೊಸ ಕೆಲಸ, ಮೊದಲ ವಾರ, ಹೇಗೆ ಹೇಳುವುದು? ಹಾಗೇ ಉಳಿಯಿತು. ಇಂಡಿಯನ್ ಗ್ರೋಸರಿ ಅಂಗಡಿಯ ಸಾಲಿನಲ್ಲಿ ಒಬ್ಬರು ಎದೆ ನೋಡಿ, "ಮಾಲಿ ಅಂದ್ರೆ, ಮಹಾರಾಷ್ಟ್ರದವರಾ ಸಾರ್? ಕನ್ನಡ ಚೆನ್ನಾಗಿ ಮಾತಾಡ್ತೀರಲ್ಲ!" ಅಂದರು. ಹೂಂ ಅಂದುಬಿಟ್ಟೆ. ಆಮೇಲೆ ಆ ಅಂಗಡಿಗೆ ಹೋಗುವಾಗ ಮೇಲೊಂದು ಜಾಕೆಟ್ ಹಾಕಿಕೊಂಡೆ, ಬೇಸಿಗೆಯಲ್ಲೂ.

ಮೂರು ವರ್ಷ ಹೀಗೆ ಕಳೆಯಿತು. ನನ್ನ ಪಾಲಿಗೆ ಬಂದದ್ದು ಪಿಚರ್ ನಿಲ್ಲುವ ದಿಬ್ಬ. ಮೈದಾನದ ನಡುವೆ ಹತ್ತು ಇಂಚು ಎತ್ತರದ ಮಣ್ಣಿನ ಗುಡ್ಡೆ. ತುದಿಯಲ್ಲಿ ಒಂದು ಬಿಳಿ ರಬ್ಬರ್ ಪಟ್ಟಿ. ಪಿಚರ್ ಒಂದು ಕಾಲಲ್ಲಿ ಆ ಪಟ್ಟಿಯನ್ನು ಒದ್ದು, ಇನ್ನೊಂದು ಕಾಲನ್ನು ಇಳಿಜಾರಿನಲ್ಲಿ ಮುಂದೆ ಊರಿ ಎಸೆಯುತ್ತಾನೆ. ಮೊಳೆಯ ಶೂ. ಒಂದು ಆಟದಲ್ಲಿ ಎಂಬತ್ತು, ತೊಂಬತ್ತು ಸಲ ಅದೇ ಜಾಗಕ್ಕೆ ಕಾಲು. ಆಟ ಮುಗಿದಾಗ ಅಲ್ಲಿ ನಾಯಿ ಮಲಗಿ ಎದ್ದುಹೋದ ಹಾಗೆ ಗುಣಿ. ಸಡಿಲ ಮಣ್ಣು ಗುಡಿಸಿ, ಹಳೇ ಮಣ್ಣು ಒದ್ದೆ ಮಾಡಿ, ಹೊಸ ಜೇಡಿ ಹಾಕಿ, ದಿಮ್ಮಸು ಹೊಡೆದು ಗಟ್ಟಿ ಮಾಡಿ, ಮೇಲೆ ಟಾರ್ಪಾಲು ಎಳೆದು, ನಾಲ್ಕು ಮೂಲೆಗೂ ಮರಳಿನ ಚೀಲ ಇಟ್ಟು ಮನೆಗೆ ಹೋಗುವುದು. ಊರಲ್ಲಿ ಫಾಸ್ಟ್ ಬೌಲರುಗಳು ತೋಡಿದ ಗುಣಿ ತುಂಬಿದವನಿಗೆ ಇದೇನು ಹೊಸದಲ್ಲ.

ನಾಲ್ಕನೇ ವರ್ಷ ಏಪ್ರಿಲ್‌ನಲ್ಲಿ ಆ ಎಡಗೈಯವನು ಬಂದ. ಯಾವುದೋ ದ್ವೀಪದೇಶದವನು, ಇಪ್ಪತ್ತಾರು ವರ್ಷ. ಉಳಿದ ಹುಡುಗರೆಲ್ಲ ಇಪ್ಪತ್ತು, ಇಪ್ಪತ್ತೊಂದು. ದೊಡ್ಡ ತಂಡಕ್ಕೆ ಇನ್ನೇನು ಹೋಗಬೇಕು ಅನ್ನುವಾಗ ಮೊಣಕೈ ಕೆಟ್ಟು, ಆಪರೇಷನ್ ಆಗಿ, ಹದಿನಾಲ್ಕು ತಿಂಗಳು ಮನೆಯಲ್ಲಿ ಕೂತು, ಮತ್ತೆ ಕೆಳಗಿನ ಮೆಟ್ಟಿಲಿಗೆ ಬಂದಿದ್ದ. ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಕ್ಲಾಸಿನವು, ಹಾಗಾಗಿ ನಮ್ಮಿಬ್ಬರಿಗೆ ಮಾತು ಸಲೀಸು. ಅವನೂ ಓದು ಬಿಟ್ಟದ್ದು ಹದಿನಾಲ್ಕಕ್ಕೆ. "ಆಗಸ್ಟ್ ಕೊನೆವರೆಗೆ ಟೈಮು ಕೊಟ್ಟಿದಾರೆ, ಮಾಲಿ" ಅಂದ ಒಂದು ದಿನ, ಬೇಲಿಗೆ ಒರಗಿ. "ಅಷ್ಟರೊಳಗೆ ಆದ್ರೆ ಮೇಲೆ. ಇಲ್ಲಾಂದ್ರೆ ಮನೆಗೆ. ನನಗೆ ಬೇರೆ ಕೆಲಸ ಬರಲ್ಲ."

ಅವನು ಮಾಲಿ ಅನ್ನುವಾಗ ಅದು ಬೇರೆ ಥರ ಕೇಳಿಸುತ್ತಿತ್ತು. ಅದು ನನ್ನ ಹೆಸರು ಅಂತಲೇ ನಂಬಿದ್ದ. ಹೆಸರು ಹಿಡಿದು ಗೆಳೆಯನನ್ನು ಕರೆದ ಹಾಗೆ.

ಅವನ ಚೆಂಡು ಗುರಿಗೆ ನಿಲ್ಲುತ್ತಿರಲಿಲ್ಲ. ಎರಡು ಸರಿ ಹೋದರೆ ಮೂರನೆಯದು ಎಲ್ಲೋ. ಕೋಚುಗಳು ಕ್ಯಾಮೆರಾ ಇಟ್ಟುಕೊಂಡು ಅವನ ಕೈಯನ್ನೇ ನೋಡಿದರು, ಮೊಣಕೈ, ಭುಜ, ಮಣಿಕಟ್ಟು. ನಾನು ಆಟ ಮುಗಿದ ಮೇಲೆ ಗುಣಿ ನೋಡುತ್ತಿದ್ದೆ. ಎಡಗೈಯಲ್ಲಿ ಎಸೆಯುವವನು ಊರುವುದು ಬಲಗಾಲು. ಅವನ ಬಲಗಾಲು ಒಂದೇ ಜಾಗಕ್ಕೆ ಬೀಳುತ್ತಿರಲಿಲ್ಲ. ಬಹಳ ಸಲ ನಾಲ್ಕು ಬೆರಳು ಹಿಂದೆಯೇ ಬೀಳುತ್ತಿತ್ತು, ಅದೂ ಬೇರೆ ಪಿಚರುಗಳು ತೋಡಿದ ಗುಣಿಯ ಅಂಚಿಗೆ. ಅಂಚಿಗೆ ಬಿದ್ದಾಗ ಹಿಮ್ಮಡಿ ಹೊರಳಿದ ಗುರುತು ಮಣ್ಣಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಕೈಗೆ ಮತ್ತೆ ನೋವಾದೀತು ಅಂತ ಹೆದರಿ ಹೆಜ್ಜೆ ಮೊಟಕು ಮಾಡುತ್ತಿದ್ದಾನೆ ಅಂತ ನನಗೆ ಅನ್ನಿಸಿತು. ತಡೆಯಲಾರದೆ ಹೇಳಿಯೂಬಿಟ್ಟೆ.

"ನಿನ್ನ ಕೈ ಸರಿ ಇದೆ. ಕಾಲು ಹೆದರಿದೆ."

ಮುಖ ಕೆಂಪಗೆ ಮಾಡಿಕೊಂಡ. "ಮಾಲಿ, ನೀನು ಮಣ್ಣು ನೋಡ್ಕೋ. ನನ್ನ ಕಾಲು ನಾನು ನೋಡ್ಕೋತೀನಿ."

ನನಗೂ ಕೋಪ ಬಂತು. ನಾನೇನು ಕಡಿಮೆಯವನಾ? ನಾಲ್ಕು ದಿನ ಇಬ್ಬರೂ ಮುಖ ನೋಡಲಿಲ್ಲ.

ಐದನೇ ದಿನ ಬೆಳಗ್ಗೆ ಎಂಟಕ್ಕೆ ನಾನು ಶೂ, ಸಾಕ್ಸು ಬಿಚ್ಚಿ ದಿಬ್ಬದ ಮೇಲೆ ಓಡಾಡುತ್ತಿದ್ದೆ. ಇದು ಬಾಸಿಗೆ ಇಷ್ಟವಿಲ್ಲ, ಸೇಫ್ಟಿ ಅನ್ನುತ್ತಾನೆ, ಆದ್ದರಿಂದ ಅವನು ಬರುವ ಮುಂಚೆಯೇ ಮುಗಿಸುತ್ತಿದ್ದೆ. ಎಡಗೈಯವನು ಹಿಂದಿನಿಂದ ಬಂದು ನಿಂತ.

"ಶೂ ಎಲ್ಲಿ? ಕದ್ರಾ ಯಾರಾದ್ರೂ?"

"ಶೂ ಹಾಕ್ಕೊಂಡ್ರೆ ನೆಲ ಮಾತಾಡಲ್ಲ" ಅಂದೆ. ನನಗೆ ಕಲಿಸಿದ ಮುದುಕನ ಮಾತು ಅದು, ನನ್ನದಲ್ಲ.

ಅವನು ಕೂತು, ಶೂ ಬಿಚ್ಚಿದ. ಬಲಗಾಲನ್ನು ಮೆಲ್ಲಗೆ ಊರಿದ. ಅಂಗಾಲಿನಲ್ಲೇ ತಡಕಾಡಿದ. "ಇಲ್ಲಿ ಬ್ರೆಡ್ಡು" ಅಂದ. ಒಂದು ಗೇಣು ಸರಿದು, "ಇಲ್ಲಿ ಕಲ್ಲು." ಮತ್ತೆ ಹಿಂದೆ ಸರಿಸಿ ಗುಣಿಯ ಅಂಚು ಮುಟ್ಟಿದಾಗ ಅವನ ಪಾದ ತಾನೇ ಹೊರಳಿತು. ತಲೆ ಎತ್ತಿ ನನ್ನನ್ನು ನೋಡಿದ. ನಾನು ಬಗ್ಗಿ ಆ ಅಂಚನ್ನು ಸವರಿದೆ. ನಾನು ಹೇಳಿರಲಿಲ್ಲವಾ ಅಂತ ಕೇಳಬೇಕು ಅನ್ನುವ ಆಸೆ ಬಹಳ ಇತ್ತು, ಸುಳ್ಳು ಯಾಕೆ ಹೇಳಲಿ.

ಅವತ್ತಿನಿಂದ ನಾನು ಇಳಿಜಾರಿನ ಅಗಲಕ್ಕೂ ಅತಿ ಗಟ್ಟಿಯಾದ ಜೇಡಿಯನ್ನೇ ಹಾಕಿದೆ, ಬೇರೆಯವರ ಗುಣಿಯ ಅಂಚೇ ಉಳಿಯದ ಹಾಗೆ. ಅವನು ಎಸೆಯುವ ದಿನ ಎಲ್ಲ ಮುಗಿಸಿದ ಮೇಲೆ, ಅವನ ಬಲಗಾಲು ಬೀಳಬೇಕಾದ ಜಾಗದಲ್ಲಿ ಹೆಬ್ಬೆರಳಿನಿಂದ ಒಂದು ಒತ್ತು ಒತ್ತುತ್ತಿದ್ದೆ. ಕಡುಬಿನ ಮೇಲೆ ಬೆರಳು ಒತ್ತಿದಷ್ಟೇ ಗುರುತು. ಈ ಆಟದಲ್ಲಿ ಮೊದಲು ಎಸೆಯುವುದು ಮೈದಾನ ಯಾರದೋ ಆ ತಂಡ, ಅಂದರೆ ನಮ್ಮದು. ಆದ್ದರಿಂದ ಆ ಗುರುತನ್ನು ಅವನಿಗಿಂತ ಮುಂಚೆ ಯಾರೂ ತುಳಿಯುತ್ತಿರಲಿಲ್ಲ. ಅವನು ದಿಬ್ಬ ಹತ್ತಿ, ಬಗ್ಗಿ, ಅದನ್ನು ಹುಡುಕಿ, ನಂತರವೇ ಟೋಪಿ ಸರಿ ಮಾಡಿಕೊಳ್ಳುತ್ತಿದ್ದ. ನೋಡುವವರು ಏನೋ ಪ್ರಾರ್ಥನೆ ಅಂದುಕೊಂಡರು. ಮೇ ಹೊತ್ತಿಗೆ ಕಾಲು ಮುಂದೆ ಬಂತು. ಜೂನ್, ಜುಲೈನಲ್ಲಿ ಚೆಂಡು ಗುರಿಗೆ ನಿಂತಿತು. ಕೋಚುಗಳು ಮೊಣಕೈ ವಾಸಿಯಾಯಿತು ಅಂದರು. ಅನ್ನಲಿ.

ಆಗಸ್ಟ್ ಮೂರನೇ ವಾರ, ಒಂದು ಗುರುವಾರ ಮಧ್ಯಾಹ್ನದ ಆಟ. ಅವನನ್ನು ನೋಡಿ ತೀರ್ಮಾನ ಮಾಡಲು ಮೇಲಿನಿಂದ ಮೂರು ಜನ ಬರುತ್ತಾರೆ ಅಂತ ಸುದ್ದಿ. ಅದೇ ಕೊನೆಯ ಪರೀಕ್ಷೆ. ನಮಗೆ ಆಗ ಮೂರು ವರ್ಷದ ಮಗಳು. ಬುಧವಾರ ಸಂಜೆ ಅವಳ ಡೇಕೇರ್ ಮುಚ್ಚುವ ಹೊತ್ತಾಗಿತ್ತು, ಫ್ರೀವೇಯಲ್ಲಿ ಟ್ರಾಫಿಕ್ಕು ಅಂತ ಫೋನು ತೋರಿಸುತ್ತಿತ್ತು, ನಾನು ಓಡಿದೆ. ಗುರುವಾರ ಬೆಳಗ್ಗೆ ಬಂದು ನೋಡಿದರೆ ಟಾರ್ಪಾಲಿನ ಒಂದು ಮೂಲೆ ಮಡಚಿಕೊಂಡಿದೆ. ಹುಲ್ಲಿಗೆ ನೀರು ಹಾಯಿಸುವ ಸ್ಪ್ರಿಂಕ್ಲರುಗಳು ಬೆಳಗಿನ ಜಾವ ತಾವಾಗಿಯೇ ಶುರುವಾಗಿ ದಿಬ್ಬದ ಬಲಭಾಗ ಪೂರಾ ನೆನೆಸಿವೆ. ಬೆರಳು ಇಟ್ಟರೆ ಎರಡು ಗೆಣ್ಣು ಒಳಗೆ ಹೋಯಿತು. ಅವನ ಬಲಗಾಲು ಬೀಳುವ ಜಾಗವೇ.

ನಾಲ್ಕನೇ ಮರಳಿನ ಚೀಲ ಬೇಲಿಯ ಹತ್ತಿರ ಬಿದ್ದಿತ್ತು. ಇಡುವುದು ಮರೆತವನು ನಾನು.

ಬಾಸು ಬಂದ. "ಯಾರು ಮಾಡಿದ್ದು?"

"ನಾನು."

ನನ್ನನ್ನು ದಿಟ್ಟಿಸಿ ನೋಡಿದ. ಕೆಲಸ ಹೋಯಿತು ಅಂದುಕೊಂಡೆ. ಅವನು ಗಡಿಯಾರ ನೋಡಿ, "ನೀರು ಹೀರೋ ಒಣಪುಡಿ ಎರಡು ಮೂಟೆ ಸುರಿದು ಮೇಲೆ ಸವರಿಬಿಡು" ಅಂದ.

"ಮೇಲೆ ಒಣಗುತ್ತೆ, ಒಳಗೆ ಪಾಯಸ" ಅಂದೆ. "ಅಗೆದು ತೆಗೀತೀನಿ."

"ಆಟದ ದಿನ ದಿಬ್ಬ ಅಗೀತೀಯಾ? ಹನ್ನೆರಡಕ್ಕೆ ಮುಗೀದಿದ್ರೆ?"

"ಮುಗಿಯುತ್ತೆ."

ಅವನು ಸ್ವಲ್ಪ ಹೊತ್ತು ಮೀಸೆ ಕಚ್ಚಿದ. ಆಮೇಲೆ ಗುದ್ದಲಿ ತಂದು ನನ್ನ ಕೈಗೆ ಕೊಟ್ಟ. ಆ ಗುದ್ದಲಿಗೆ ನಾನು ಇವತ್ತಿಗೂ ಋಣಿ. ಬೈದು ಮನೆಗೆ ಕಳಿಸಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ.

ಶೂ ಬಿಚ್ಚಿದೆ, ಅವನ ಎದುರಿಗೇ. ಒದ್ದೆ ಮಣ್ಣು ಅರ್ಧ ಅಡಿ ಆಳದವರೆಗೆ ಎತ್ತಿ ಹಾಕಿದೆ. ಹೊಸ ಜೇಡಿ ಒಂದೊಂದು ಇಂಚಿನ ಪದರ. ಪ್ರತಿ ಪದರಕ್ಕೂ ದಿಮ್ಮಸು, ಆಮೇಲೆ ಅಂಗಾಲು, ಮತ್ತೆ ದಿಮ್ಮಸು. ಜೇಡಿ ದಿಮ್ಮಸಿಗೆ ಅಂಟದ ಹಾಗೆ ಅದಕ್ಕೆ ನನ್ನ ಜಾಕೆಟ್ ಸುತ್ತಿದೆ, ಆ ಗ್ರೋಸರಿ ಅಂಗಡಿಯ ಜಾಕೆಟ್ಟು. ಎಡಗೈಯವನು ಹತ್ತಕ್ಕೆ ಬಂದ. ಅಗೆದ ದಿಬ್ಬ ನೋಡಿ ಅವನ ಮುಖದ ರಕ್ತ ಇಳಿಯಿತು.

"ಮಾಲಿ, ಇವತ್ತೇನಾ?"

"ತಪ್ಪು ನಂದು" ಅಂದೆ. "ಚೀಲ ಇಡೋದು ಮರೆತೆ. ಹನ್ನೆರಡಕ್ಕೆ ಬಾ. ನಿನಗೆ ಸರಿ ಅನ್ನಿಸದಿದ್ರೆ ನಾನೇ ಹೋಗಿ ಆ ಮೂರು ಜನಕ್ಕೆ ಹೇಳ್ತೀನಿ, ಇವತ್ತು ಇವನನ್ನ ನೋಡಬೇಡಿ ಅಂತ."

ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು, ಅವನು ಬಂದು ಶೂ ಬಿಚ್ಚಿದ. ಡಗೌಟಿನಲ್ಲಿದ್ದ ಹುಡುಗರು ಶಿಳ್ಳೆ ಹಾಕಿದರು. ಬರಿಗಾಲು ಊರಿ, ಭಾರ ಬಿಟ್ಟು, ಕಣ್ಣು ಮುಚ್ಚಿ ನಿಂತ.

"ಕಲ್ಲು" ಅಂದ. ಆಮೇಲೆ, "ಹೆಬ್ಬೆರಳು?"

ಒತ್ತಿದೆ.

ಆ ಮಧ್ಯಾಹ್ನ ಎಲ್ಲರೂ ಚೆಂಡು ನೋಡಿದರು. ನಾನು ಸಾಮಾನಿನ ಶೆಡ್ಡಿನ ಬಾಗಿಲಲ್ಲಿ ನಿಂತು ಬಲಗಾಲು ನೋಡಿದೆ. ಎಂಬತ್ತಮೂರು ಸಲ. ಒಂದು ಸಲವೂ ಜಾರಲಿಲ್ಲ. ಅವನು ಎಷ್ಟು ಜನರನ್ನು ಔಟ್ ಮಾಡಿದ ಅಂತ ನನಗೆ ಬಾಸೇ ಹೇಳಬೇಕಾಯಿತು. ಮೂರು ಜನ ಎದ್ದು ಹೋದದ್ದು ಆರನೇ ಸುತ್ತಿನ ಕೊನೆಗೆ. ಮಾರನೇ ಸೋಮವಾರ ಅವನು ಚೀಲ ಹೆಗಲಿಗೆ ಹಾಕಿಕೊಂಡು ಶೆಡ್ಡಿಗೆ ಬಂದ. ಮೇಲಿನ ಮೆಟ್ಟಿಲಿಗೆ ಕರೆ ಬಂದಿತ್ತು. ತಬ್ಬಿಕೊಂಡ. ನನ್ನ ಮೈಯೆಲ್ಲ ಜೇಡಿ, ಅವನ ಬಿಳೀ ಶರ್ಟು ಹಾಳಾಯಿತು.

ಆಗ ಹೇಳಿದೆ. ಯಾಕೆ ಹೇಳಿದೆನೋ ಗೊತ್ತಿಲ್ಲ. "ನೋಡು, ಮಾಲಿ ನನ್ನ ಹೆಸರಲ್ಲ. ನಮ್ಮ ಕಡೆ ಮೈದಾನದ ಆಳಿಗೆ ಹಾಗೆ ಕೂಗ್ತಾರೆ."

ಅವನು ಹೌಹಾರಿದ. "ಮತ್ತೆ ಐದು ತಿಂಗಳಿಂದ ಯಾಕೆ ಹೇಳಲಿಲ್ಲ? ನಾನು ನಿನ್ನನ್ನ ಬೈದ ಹಾಗಾಯ್ತಲ್ಲ!"

"ನೀನು ಬೈದ ಹಾಗೆ ಕೇಳಿಸಲಿಲ್ಲ" ಅಂದೆ.

ನಿಜವಾದ ಹೆಸರು ಕೇಳಿದ. ಹೇಳಿದೆ. ನಾಲಗೆ ತಿರುಚಿ, ಎರಡು ಸಲ ಹೇಳಿ, ಮೂರನೇ ಸಲಕ್ಕೆ ಯಾವುದೋ ತಿಂಡಿಯ ಹೆಸರು ಮಾಡಿಬಿಟ್ಟ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. "ಕಲೀತೀನಿ" ಅಂದು ಹೋದ.

ಮುಂದಿನ ವರ್ಷ ಅವನು ದೊಡ್ಡ ತಂಡ ಸೇರಿದ. ಅದಾಗಿ ಎರಡು ತಿಂಗಳಿಗೆ ನನಗೆ ಫೋನು. ಕೊಲ್ಲಿಯ ದಡದ ದೊಡ್ಡ ಮೈದಾನದ ಗ್ರೌಂಡ್ ಮುಖ್ಯಸ್ಥೆ, ಒಬ್ಬ ಹೆಂಗಸು.

"ಮಿಸ್ಟರ್ ಮಾಲಿ? ನಮ್ಮ ಎಡಗೈಯವನು ದಿಬ್ಬ ಸರಿ ಇಲ್ಲ ಅಂತ ದಿನಾ ನನ್ನ ತಲೆ ತಿಂತಿದ್ದಾನೆ. ಏನು ಮಾಡಬೇಕಪ್ಪಾ ಅಂದ್ರೆ ಮಾಲಿನ ಕೇಳಿ ಅಂತಾನೆ. ಸಾಕಾಯ್ತು, ನೀವೇ ಬಂದುಬಿಡಿ."

ಬಾಸೇ "ಹೋಗೋ ಮಾರಾಯ" ಅನ್ನುವ ಅರ್ಥದ್ದೇನೋ ಇಂಗ್ಲಿಷಿನಲ್ಲಿ ಹೇಳಿ ಬೆನ್ನು ತಟ್ಟಿ ಕಳಿಸಿದ. ಹೊಸ ಕಡೆ ಶರ್ಟಿನ ಮೇಲೆ ಯಾವ ಹೆಸರು ಹೊಲಿಯಬೇಕು ಅಂತ ಕೇಳಿದರು. ಪೆನ್ನು ಕೈಯಲ್ಲಿತ್ತು. ಈ ಸಲ ಬಾಯಿ ತಪ್ಪಲಿಲ್ಲ, ಬೇಕಂತಲೇ ಬರೆದೆ, ಮಾಲಿ. ಹೆಂಡತಿ ನೋಡಿ, "ಆಯ್ತಪ್ಪ, ಇನ್ನು ನಾನೂ ಹಾಗೇ ಕರೀತೇನೆ" ಅಂದಳು. ಕರೆಯುವುದಿಲ್ಲ, ರೀ ಅಂತಲೇ ಅನ್ನುತ್ತಾಳೆ. ಗ್ರೋಸರಿ ಅಂಗಡಿಗೆ ಈಗ ಜಾಕೆಟ್ ಇಲ್ಲದೆ ಹೋಗುತ್ತೇನೆ. ಕೇಳಿದವರಿಗೆ ಮಾಲಿ ಅಂದರೆ ಏನು ಅಂತ ಹೇಳುತ್ತೇನೆ, ಕೇಳದವರಿಗೂ ಸ್ವಲ್ಪ ಹೇಳುತ್ತೇನೆ.

ಎಡಗೈಯವನು ದೊಡ್ಡ ತಂಡದಲ್ಲಿ ಆಡಿದ್ದು ಮೂರು ವರ್ಷ. ಅಷ್ಟೇ. ಈ ಸಲ ಭುಜ ಹೋಯಿತು. ಮೂವತ್ತಕ್ಕೆ ಎಲ್ಲ ಮುಗಿಯಿತು. ಕೊನೆಯ ದಿನ ದಿಬ್ಬದ ಪಕ್ಕ ನಿಂತು, "ಮೂರು ವರ್ಷ ಕಮ್ಮಿ ಅಂತಾರೆ ಎಲ್ಲರೂ. ಆ ಗುರುವಾರದ ಹಿಂದಿನ ದಿನ ನನ್ನ ಹತ್ರ ಸೊನ್ನೆ ಇತ್ತು" ಅಂದ. ಈಗ ತನ್ನ ದ್ವೀಪದಲ್ಲಿ ಮಕ್ಕಳಿಗೆ ಎಸೆಯುವುದು ಕಲಿಸುತ್ತಾನೆ. ಸೀಸನ್ ಶುರುವಾಗುವ ದಿನ ತಪ್ಪದೆ ವಿಡಿಯೋ ಕಾಲ್ ಮಾಡುತ್ತಾನೆ. ಹೋದ ಮಾರ್ಚಿನಲ್ಲಿ ಫೋನು ಕೆಳಗೆ ತಿರುಗಿಸಿ ತೋರಿಸಿದ. ಕೆಂಪು ಮಣ್ಣಿನ ಪುಟ್ಟ ದಿಬ್ಬ, ಅದರ ಸುತ್ತ ಇಪ್ಪತ್ತು ಬರಿಗಾಲು. ಆಮೇಲೆ ಫೋನು ಮುಖಕ್ಕೆ ತಿರುಗಿಸಿ ನನ್ನ ಹೆಸರು ಹೇಳಿದ, ಎರಡು ಒತ್ತಕ್ಷರ, ಒಂದು ಮಹಾಪ್ರಾಣ, ಎಲ್ಲ ಸರಿಯಾಗಿ. ಹತ್ತು ವರ್ಷ ಹಿಡಿಯಿತು ಅವನಿಗೆ. ನನ್ನ ಮಗಳು ಪಕ್ಕದಲ್ಲಿದ್ದವಳು, "ವಾವ್, ನನಗಿಂತ ಚೆನ್ನಾಗಿ ಹೇಳ್ತಾನೆ" ಅಂದಳು, ಇಂಗ್ಲಿಷಿನಲ್ಲಿ.

ಈಗ ನನಗಿರುವುದು ಹೆಂಡತಿ ಒಬ್ಬಳು, ಮಗಳು ಒಬ್ಬಳು. ಸನ್ನಿವೇಲ್‌ನಲ್ಲಿ ಎರಡು ಬೆಡ್‌ರೂಮಿನ ಬಾಡಿಗೆ ಅಪಾರ್ಟ್‌ಮೆಂಟು, ಅಲ್ಲಿಂದ ಕೆಲಸಕ್ಕೆ ಒಂದು ರೈಲು. ಮಾಲಿ ಅಂತ ಹೊಲಿದ ಶರ್ಟು ಐದು. ಜೇಡಿ ಮೆತ್ತಿದ ಜಾಕೆಟ್ಟು ಒಂದು, ಒಗೆದರೂ ಹೋಗಿಲ್ಲ. ನೋಡಿಕೊಳ್ಳುವ ದಿಬ್ಬ ಮೂರು, ಆಟದ್ದು ಒಂದು, ಅಭ್ಯಾಸದ್ದು ಎರಡು. ಮರಳಿನ ಚೀಲ ಹನ್ನೆರಡು, ಮನೆಗೆ ಹೊರಡುವ ಮುಂಚೆ ಪ್ರತಿ ಸಂಜೆ ಎಣಿಸುತ್ತೇನೆ. ನನ್ನ ಹೆಸರು ಸರಿಯಾಗಿ ಹೇಳುವ ಪಿಚರ್ ಒಬ್ಬ.